ಬಾವಿ ಬೀದಿಯಲ್ಲಿ ನಾನು ದಾಟಿಸದ ಮಾತು

ಗಿರಿಜಾ ಕೇಳಿದ ಪ್ರಶ್ನೆಯನ್ನು ನಾನು ಕೇಳಲಿಲ್ಲ. ಅವಳು ಕನ್ನಡದಲ್ಲಿ ಒಂದು ಕೇಳಿದಳು. ನಾನು ಇಂಗ್ಲಿಷಿನಲ್ಲಿ ಬೇರೊಂದನ್ನು ಕೇಳಿದೆ. ನನ್ನ ಪ್ರಶ್ನೆಗೆ ಬಂದ ಉತ್ತರವನ್ನು ಅವಳು ತನ್ನ ಪ್ರಶ್ನೆಗೇ ಬಂದದ್ದೆಂದು ತಿಳಿದಳು. ಇಷ್ಟು ವರ್ಷ ಅದನ್ನು ಎದೆಯಲ್ಲಿಟ್ಟುಕೊಂಡೇ ಬದುಕಿದಳು. ಅದು ಹಾಗಲ್ಲವೆಂದು ಗೊತ್ತಿದ್ದವಳು ನಾನೊಬ್ಬಳೇ — ನಾನು ಬಾಯಿ ಬಿಡಲಿಲ್ಲ.

ಅವಸರದಲ್ಲಿ ಆದದ್ದಲ್ಲ ಇದು. ಭಾಷೆ ಬಾರದೆ ಆದದ್ದಂತೂ ಅಲ್ಲವೇ ಅಲ್ಲ. ನಮ್ಮ ಗುಂಪಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಇಂಗ್ಲಿಷ್ ಬರುತ್ತಿದ್ದದ್ದು ನನಗೆ. ಅದಕ್ಕೇ ನನ್ನನ್ನು ಅವಳ ಪಕ್ಕದಲ್ಲಿ ನಿಲ್ಲಿಸಿದ್ದರು.

ನಾನು ಹಳಿಯಾಳದವಳು. ಲಿಂಗಾಯತರ ಮನೆ, ಅಜ್ಜನ ಕಾಲದಿಂದ ಕಾಳುಕಡಿಯ ಅಂಗಡಿ. ಓದಿದ್ದು ಸಿಸ್ಟರುಗಳ ಕಾನ್ವೆಂಟಿನಲ್ಲಿ. ಈಗ ದಾಂಡೇಲಿಯಲ್ಲಿದ್ದೇನೆ, ಗಂಡನಿಗೆ ಮಿಲ್ಲಿನಲ್ಲಿ ಶಿಫ್ಟು, ಮಗಳು ಆರನೇ ಇಯತ್ತೆ, ನಾನು ಮನೆ. ಗಿರಿಜಾ ಮುಂಡಗೋಡ ತಾಲೂಕಿನವಳು, ಮಳಗಿಯ ಹತ್ತಿರದ ಒಂದು ಸಿದ್ದಿ ಕೇರಿಯ ಹುಡುಗಿ. ಡಿಗ್ರಿಗೆ ಹಳಿಯಾಳಕ್ಕೆ ಬಂದು ಹಾಸ್ಟೆಲಿನಲ್ಲಿದ್ದಳು. ಕಾಲೇಜಿನ ಮೊದಲ ದಿನ ಅವಳು ಕೂತ ಬೆಂಚಿನಲ್ಲಿ ಯಾರೂ ಕೂರಲಿಲ್ಲ. ನಾನು ತಡವಾಗಿ ಬಂದಿದ್ದೆ, ಬೇರೆ ಜಾಗ ಇರಲಿಲ್ಲ — ಕೂತೆ. ನಮ್ಮ ಗೆಳೆತನ ಶುರುವಾದದ್ದು ಹಾಗೆ. ನನ್ನ ಒಳ್ಳೆಯತನದಿಂದ ಅಂತ ಬರೆದುಕೊಳ್ಳಲು ಆಸೆ. ಆದರೆ ಅದು ಹಾಗಲ್ಲ.

ಸಿದ್ದಿಯರ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು, ಯಾರೂ ಆಡುವುದಿಲ್ಲ. ಗೋವೆ ಆಳುತ್ತಿದ್ದವರು ಆಫ್ರಿಕಾದಿಂದ ಹಡಗಿನಲ್ಲಿ ತಂದರು, ಗೋವೆಯಲ್ಲಿ ಮಾರಿದರು. ತಪ್ಪಿಸಿಕೊಂಡವರು ಘಟ್ಟ ಹತ್ತಿ ನಮ್ಮ ಕಾಡು ಸೇರಿದರು. ಗಿರಿಜಾಳ ಮನೆಯವರು ಕನ್ನಡ, ಕೊಂಕಣಿ ಎರಡೂ ಆಡುತ್ತಾರೆ, ದೀಪಾವಳಿ ಮಾಡುತ್ತಾರೆ, ಹಿರಿಯರಿಗೆ ಎಡೆ ಇಡುತ್ತಾರೆ. ಎಡೆ ಇಡುವ ಹಿರಿಯರಲ್ಲಿ ಹಿಂದಕ್ಕೆ ಹೋಗುತ್ತ ಹೋಗುತ್ತ ಒಂದು ಕಡೆ ಹೆಸರುಗಳು ನಿಂತುಬಿಡುತ್ತವೆ. "ಅಲ್ಲಿಂದಾಚೆಗೆ ನೀರು," ಅನ್ನುತ್ತಿದ್ದಳು ಅವಳು. ಸಮುದ್ರ ಅಂತ ಅರ್ಥ. ಆ ನೀರಿನ ಆಚೆ ಏನಿದೆ ನೋಡಬೇಕು ಅನ್ನುವುದಕ್ಕೇ ಇತಿಹಾಸ ತಗೊಂಡವಳು ಅವಳು. ನಾನು ಇತಿಹಾಸ ತಗೊಂಡದ್ದು, ಅದರಲ್ಲಿ ಪ್ರಾಕ್ಟಿಕಲ್ ಇರುವುದಿಲ್ಲ ಅಂತ.

ಕೊನೆಯ ವರ್ಷ ಆ ಪ್ರವಾಸ ಬಂತು. ಗೋವೆಯ ಗಡಿಗೆ ಹತ್ತಿರದ ತಾಲೂಕುಗಳ ವಿದ್ಯಾರ್ಥಿಗಳನ್ನು ಚಳಿಗಾಲದಲ್ಲಿ ಗೋವೆಯನ್ನಾಳಿದವರ ರಾಜಧಾನಿ ಲಿಸ್ಬನ್‌ಗೆ ಕರೆದೊಯ್ದು, ನಮ್ಮ ಕಡೆಯ ಚರಿತ್ರೆಯನ್ನು ಆ ತುದಿಯಿಂದ ತೋರಿಸುವ ಯೋಜನೆ. ಖರ್ಚೆಲ್ಲ ಅಲ್ಲಿನ ಒಂದು ಸಂಸ್ಥೆಯದೇ. ನಮ್ಮ ಜೊತೆ ಬಂದವರು ಇತಿಹಾಸದ ದೇಸಾಯಿ ಮೇಡಂ. ಆಯ್ಕೆಯ ಸಂದರ್ಶನದಲ್ಲಿ ಗಿರಿಜಾ ಕನ್ನಡದಲ್ಲೇ ಮಾತಾಡಿದಳು, ಎಲ್ಲರಿಗಿಂತ ಚೆಂದ ಮಾತಾಡಿದಳು. ಆದರೆ ಹೊರಗೆ ಬಂದು, "ಮೇಡಂ, ಅಲ್ಲಿ ಹೋಗಿ ನಾ ಮೂಗಿ ಆಗ್ತೇನ್ರಿ," ಅಂದಳು. ದೇಸಾಯಿ ಮೇಡಂ ನನ್ನ ಬೆನ್ನಿನ ಮೇಲೆ ಕೈಯಿಟ್ಟು ನಕ್ಕರು:

"ಸುಮಂಗಲಾ ಇದ್ದಾಳಲ್ಲ. ಇಕಿನಾ ನಿನ್ನ ಬಾಯಿ."

"ಆಗಲೇಳ್ರಿ ಮೇಡಂ. ಇಕಿ ಬಾಯಿ ಬಾಳ ಮೆತ್ತಗ," ಅಂದಳು ಗಿರಿಜಾ. "ನಾ ಬೈದ್ರೂ ಹಾಡಿದಂಗ ಕೇಳ್ತೈತಿ ಅವರಿಗೆ."

ಮೂವರೂ ನಕ್ಕೆವು.

ನನ್ನ ಬಾಯಿ ಮೆತ್ತಗಾದದ್ದು ಕಾನ್ವೆಂಟಿನಲ್ಲಿ. ನಮ್ಮ ಹೆಡ್ ಸಿಸ್ಟರ್ ಕೇರಳದವರು. ಹಳಿಯಾಳದ ಮಾತು ಅವರಿಗೆ ತಿಳಿಯುತ್ತಿರಲಿಲ್ಲ. ತಂದೆತಾಯಿಗಳ ಭೇಟಿಯ ದಿನ ನನ್ನನ್ನು ಕ್ಲಾಸಿನಿಂದ ಕರೆಸಿ ತಮ್ಮ ಕುರ್ಚಿಯ ಪಕ್ಕ ನಿಲ್ಲಿಸಿಕೊಳ್ಳುತ್ತಿದ್ದರು. ಒಬ್ಬ ಗೌಡರು ಬಂದು, "ನನ್ನ ಮಗನ ಕಿವಿ ಹಿಂಡ್ಯಾಳಲ್ಲ, ಈ ಸಿಸ್ಟರಗ ತಲಿ ಐತೇನು?" ಅಂತ ಮೀಸೆ ಕುಣಿಸಿದರು. ನಾನು ಸಿಸ್ಟರಿಗೆ ಹೇಳಿದೆ: ಮಗನ ಕಿವಿ ಸ್ವಲ್ಪ ನಾಜೂಕು, ದಯವಿಟ್ಟು ಗಮನಿಸಬೇಕಂತೆ. ಸಿಸ್ಟರು, ಇಂಥ ಒರಟು ಮನುಷ್ಯನ ಮಗ ಇನ್ನು ಹೇಗಿರುತ್ತಾನೆ ಅಂದರು ಇಂಗ್ಲಿಷಿನಲ್ಲಿ. ನಾನು ಗೌಡರಿಗೆ ಹೇಳಿದೆ: ನಿಮ್ಮ ಮಗ ನಿಮ್ಮಂಗ ಗಟ್ಟಿ ಅದಾನಂತ್ರಿ. ಇಬ್ಬರೂ ಸಂತೋಷಪಟ್ಟು ಎದ್ದರು. ಸಿಸ್ಟರು ನನ್ನ ಗಲ್ಲ ತಟ್ಟಿ, ನೀನು ಸಮಾಧಾನದ ದೂತೆ ಅಂದರು. ಆ ವರ್ಷ ಸದ್ವರ್ತನೆಯ ಬಹುಮಾನ ನನಗೆ.

ಹತ್ತು ವರ್ಷದ ಹುಡುಗಿಗೆ ಅದೊಂದು ಆಟ. ಆದರೆ ಆಟ ಕೈಗೆ ಹತ್ತಿತು. ಇಬ್ಬರ ನಡುವೆ ನಿಂತಾಗ ಮಾತು ನನ್ನ ಮೂಲಕ ಹಾಯುತ್ತದೆ, ಅದನ್ನು ನಾನು ತೊಳೆದು ಮಡಚಿ ಕೊಡಬಹುದು — ಯಾರಿಗೂ ತಿಳಿಯುವುದಿಲ್ಲ. ಎಲ್ಲರೂ ನಗುತ್ತಲೇ ಎದ್ದು ಹೋಗುತ್ತಾರೆ. ಇದಕ್ಕಿಂತ ದೊಡ್ಡ ಪುಣ್ಯ ಇಲ್ಲವೆಂದು ನಂಬಿದ್ದೆ ನಾನು.

ಲಿಸ್ಬನ್ ಏರು ಇಳಿಜಾರಿನ ಊರು. ಗುಂಡಗಿನ ಬಿಳಿ ಕಲ್ಲು ಹಾಸಿದ ದಾರಿ, ಮಳೆ ಬಿದ್ದರೆ ಕಾಲು ಜಾರುತ್ತದೆ. ಮನೆಯ ಗೋಡೆಗಳಿಗೆಲ್ಲ ನೀಲಿ ಹೂವಿನ ಹಂಚು. ಕಿಟಕಿಯ ಹೊರಗೆ ಹಗ್ಗ ಕಟ್ಟಿ ಬಟ್ಟೆ ಒಣಹಾಕುತ್ತಾರೆ — ಯಾವ ಮನೆಯಲ್ಲಿ ಕೂಸಿದೆ, ಯಾವ ಮನೆಯಲ್ಲಿ ಮುದುಕರಿದ್ದಾರೆ, ಬೀದಿಯಲ್ಲಿ ನಿಂತೇ ಹೇಳಬಹುದು. ಮೂಲೆ ಮೂಲೆಯಲ್ಲಿ ಗಾಡಿಗಳಲ್ಲಿ ಏನೋ ಒಂದು ಕಾಯಿ ಸುಡುತ್ತಿದ್ದರು, ನಮ್ಮ ಹಲಸಿನ ಬೀಜ ಸುಟ್ಟ ಹಾಗೇ ವಾಸನೆ. ಗಿರಿಜಾ ಒಂದು ಪೊಟ್ಟಣ ಕೊಂಡು, ಒಂದನ್ನು ಬಾಯಿಗೆ ಹಾಕಿ, "ಉಪ್ಪು ಹಾಕಾಕ ಬರೂದಿಲ್ಲ ಇವರಿಗೆ," ಅಂತ ತೀರ್ಪು ಕೊಟ್ಟಳು.

ನಮ್ಮನ್ನು ಸುತ್ತಾಡಿಸಿದವರು ಡುವಾರ್ತೆ ಎನ್ನುವ ನಿವೃತ್ತ ಇತಿಹಾಸ ಶಿಕ್ಷಕರು. ನಾವು ನಮ್ಮೊಳಗೆ ಮಾಸ್ತರು ಅಂತಲೇ ಕರೆಯುತ್ತಿದ್ದೆವು. ಮೊಣಕೈಯಲ್ಲಿ ಬೇರೆ ಬಣ್ಣದ ನೂಲಿನಿಂದ ಹೆಣೆದು ಮುಚ್ಚಿದ ಸ್ವೆಟರು. ಕೊಡೆ ತಮಗಲ್ಲದೆ ಯಾವಾಗಲೂ ಪಕ್ಕದವರಿಗೆ ಹಿಡಿಯುವ ಕೈ. ಅರಮನೆ, ಇಗರ್ಜಿ, ಹಡಗುಗಳು ಹೊರಟ ದಂಡೆ — ಎಲ್ಲ ತೋರಿಸಿದರು. ಅವರ ಇಂಗ್ಲಿಷನ್ನು ನಾನು ಗಿರಿಜಾಳ ಕಿವಿಯಲ್ಲಿ ಕನ್ನಡ ಮಾಡುತ್ತಿದ್ದೆ. ಅವರ ಮಾತುಗಳನ್ನು ಇದ್ದ ಹಾಗೇ ಹೇಳಿದೆ, ಅದರಲ್ಲಿ ಮೋಸವಿಲ್ಲ. ಗಿರಿಜಾ ಪ್ರಶ್ನೆ ಕೇಳುತ್ತಿರಲಿಲ್ಲ. ಬರೀ ಕೇಳಿಸಿಕೊಳ್ಳುತ್ತಿದ್ದಳು. ಕಾಯುತ್ತಿದ್ದಳು ಅಂತ ಈಗ ಅನ್ನಿಸುತ್ತದೆ.

ಒಂದು ಮಧ್ಯಾಹ್ನ ಸಣ್ಣ ಮಳೆಯಲ್ಲಿ ಒಂದು ಇಕ್ಕಟ್ಟಾದ ಬೀದಿಗೆ ಬಂದೆವು. ಟ್ರಾಮು ಬಂದರೆ ಗೋಡೆಗೆ ಆತು ನಿಲ್ಲಬೇಕು, ಅಷ್ಟು ಇಕ್ಕಟ್ಟು. ಮಾಸ್ತರು ಬೀದಿಯ ಹೆಸರಿನ ಹಲಗೆ ತೋರಿಸಿ, ಇದರ ಅರ್ಥ ಕರಿಯರ ಬಾವಿ, ಅಂದರು. ಹಿಂದೆ ಈ ಊರಿನಲ್ಲಿ ಗುಲಾಮರು ಸತ್ತರೆ ಅವರ ಹೆಣಗಳನ್ನು ಎಸೆಯಲು ಇಲ್ಲೊಂದು ಹೊಂಡವಿತ್ತಂತೆ. ಅಷ್ಟು ಹೇಳಿ ತಲೆ ತಗ್ಗಿಸಿ ಒಂದು ಕ್ಷಣ ನಿಂತರು. ಆಮೇಲೆ ಮುಂದೆ ನಡೆದರು. ಗುಂಪು ಅವರ ಹಿಂದೆ ಒಬ್ಬರ ಬೆನ್ನಿಗೊಬ್ಬರಂತೆ ಸಾಲಾಗಿ ಹೊರಟಿತು. ಕೊನೆಯಲ್ಲಿ ನಾವಿಬ್ಬರೇ.

ನಾನು ಕನ್ನಡದಲ್ಲಿ ಹೇಳಿ ಮುಗಿಸಿದೆ. ಗಿರಿಜಾ ಹಲಗೆಯನ್ನೇ ನೋಡುತ್ತಿದ್ದಳು. ಅವಳ ಕೊಡೆ ಓರೆಯಾಗಿ, ನೀರು ಸ್ವೆಟರಿನ ತೋಳಿನೊಳಗೆ ಇಳಿಯುತ್ತಿತ್ತು. ಆಮೇಲೆ ನನ್ನ ಕೈ ಹಿಡಿದಳು.

"ಸುಮಾ, ಮಾಸ್ತರಿಗೆ ಒಂದ ಮಾತು ಕೇಳು. ಇಲ್ಲೆ ಒಗದ್ರಲ್ಲಾ, ಅವರು ನಮ್ಮ ಮಂದಿ. ನಮ್ಮನ್ನ ಹಡಗದಾಗ ತಂದು ಮಾರಿದವ್ರ ಮೊಮ್ಮಕ್ಕಳು ಈ ಊರಾಗ ಅದಾರೇನು? ನಾವು ಇನ್ನೂ ಉಳದೇವಿ ಅಂತ ಅವರಿಗೆ ಗೊತ್ತೈತೇನು? ಒಬ್ರನ್ನರೆ ನೋಡ್ಬೇಕು ನಾನು. ಜಗಳಾ ಮಾಡಾಕಲ್ಲ ಅಂತ ಹೇಳು. ಸುಮ್ನ ಎದುರಿಗೆ ನಿಂತು ನೋಡ್ಬೇಕು."

ಅವಳ ಕೈ ತಣ್ಣಗಿತ್ತು.

ಮಾಸ್ತರು ದೂರದಲ್ಲಿ ತಿರುಗಿ ನಿಂತು, ಏನಾದರೂ ಕೇಳಬೇಕೇ ಅಂತ ಕೈಸನ್ನೆ ಮಾಡಿದರು. ನಾನು ಅವರ ಮುಖ ನೋಡಿದೆ. ಕನ್ನಡಕದ ಮೇಲೆ ಮಳೆಹನಿ, ಬಾಯಲ್ಲಿ ನಗು. ಆ ದಿನ ಬೆಳಿಗ್ಗೆ ತಾನೇ ನಮಗೆಲ್ಲ ಮನೆಯಲ್ಲಿ ಮಾಡಿದ ಬಿಸ್ಕೀಟು ತಂದುಕೊಟ್ಟಿದ್ದರು. ನಾನು ಬಾಯಿ ತೆರೆದೆ, ಮತ್ತು ಅತ್ಯಂತ ಸ್ವಚ್ಛವಾದ ಕಾನ್ವೆಂಟ್ ಇಂಗ್ಲಿಷಿನಲ್ಲಿ, ಸರಸರ ಕೂಗಿ ಕೇಳಿದೆ — ಈ ಬೀದಿಯಲ್ಲಿ ಹಳೆಯ ಮನೆತನಗಳು ಇನ್ನೂ ಇವೆಯೇ ಅಂತ ನನ್ನ ಗೆಳತಿ ಕೇಳುತ್ತಿದ್ದಾಳೆ.

ಅಷ್ಟೇ. ಹಡಗು ಇಲ್ಲ, ಮಾರಿದವರು ಇಲ್ಲ, ನಾವು ಉಳಿದಿದ್ದೇವೆ ಅನ್ನುವುದು ಇಲ್ಲ.

ಮಾಸ್ತರ ಮುಖ ಅರಳಿತು. ಹಳೆಯ ಮನೆತನಗಳೇ? ಎಲ್ಲ ಬಿಟ್ಟು ಹೋದವು. ಈಗ ಉಳಿದಿರುವುದು ಬರೀ ಬೆಕ್ಕುಗಳು. ಬೆಕ್ಕುಗಳು ಬಾಡಿಗೆ ಕೊಡಬೇಕಾಗಿಲ್ಲ ನೋಡಿ, ಅಂದರು. ಹುಡುಗರೆಲ್ಲ ಗೊಳ್ಳೆಂದು ನಕ್ಕರು. ಗಿರಿಜಾಳ ಪ್ರಶ್ನೆಯನ್ನು ನನ್ನೊಬ್ಬಳ ಹೊರತು ಯಾರೂ ಕೇಳಿಸಿಕೊಂಡಿರಲಿಲ್ಲ; ಅವರು ಕೇಳಿಸಿಕೊಂಡದ್ದು ನನ್ನ ಇಂಗ್ಲಿಷನ್ನು. ನಕ್ಕದ್ದರಲ್ಲಿ ಅವರ ತಪ್ಪೇನಿಲ್ಲ. ದೇಸಾಯಿ ಮೇಡಂ ಕೂಡ ನಕ್ಕರು.

ಗಿರಿಜಾ ನಗುವವರನ್ನು ಒಬ್ಬೊಬ್ಬರಾಗಿ ನೋಡಿದಳು. ನನ್ನ ಇಂಗ್ಲಿಷಿನ ಓಟ ಅವಳಿಗೆ ಸಿಗುತ್ತಿರಲಿಲ್ಲ, ಆದರೆ ಬಿಡಿ ಶಬ್ದಗಳು ತಿಳಿಯುತ್ತಿದ್ದವು.

"ಕ್ಯಾಟ್ ಅಂದ್ರಲ್ಲ. ಬೆಕ್ಕು ಯಾಕ ಬಂತು?"

ಆಗಲೂ ಸಮಯವಿತ್ತು. ನಾ ಸರಿಯಾಗಿ ಕೇಳಲಿಲ್ಲ ಗಿರಿಜಾ, ತಡಿ, ಇನ್ನೊಮ್ಮೆ ಕೇಳ್ತೀನಿ ಅಂದಿದ್ದರೆ —

"ಮಾರಿದವ್ರು ಯಾರೂ ಉಳದಿಲ್ಲಂತ. ಬೆಕ್ಕು ಅಷ್ಟ ಅದಾವಂತ," ಅಂದೆ.

"ಮತ್ತ ನಕ್ಕಿದ್ಯಾಕ?"

"ಸುಮ್ನ ಚ್ಯಾಷ್ಟಿ. ಅವರು ಹಂಗ."

ಅವರು ಹಂಗ. ಈ ಎರಡು ಶಬ್ದ ನನ್ನವು. ಯಾವ ಸಿಸ್ಟರೂ ಕಲಿಸಿದ್ದಲ್ಲ.

ಸಂಜೆಯ ತನಕ ಹುಡುಗರು ದಾರಿಯಲ್ಲಿ ಬೆಕ್ಕು ಕಂಡಾಗಲೆಲ್ಲ, "ಗಿರಿಜಾ, ನೋಡಲ್ಲೆ, ಹಳೇ ಮಂದಿ!" ಅಂತ ಕೂಗಿ ನಗುತ್ತಿದ್ದರು. ಗೆಳೆತನದ ಚೇಷ್ಟೆ ಅದು, ಅವರ ಮಟ್ಟಿಗೆ. ಅವಳ ಮಟ್ಟಿಗೆ ಏನು ಅನ್ನುವುದು ನನಗೊಬ್ಬಳಿಗೇ ಗೊತ್ತಿತ್ತು. ಮುಂದಿನ ದಿನಗಳಲ್ಲಿ ಅವಳು ನಡೆದಳು, ಉಂಡಳು, ಮೇಡಂ ಕರೆದರೆ ಫೋಟೋಕ್ಕೆ ನಿಂತಳು. ಕೊನೆಯ ದಿನ ಪ್ರತಿಯೊಬ್ಬರೂ ತಮ್ಮ ಅನುಭವ ಹೇಳಬೇಕಿತ್ತು. ಅವಳು ಎದ್ದು ನಿಂತು ಕೈ ಮುಗಿದು ಕೂತುಬಿಟ್ಟಳು. ಮಾಸ್ತರು ಅದನ್ನು ವಿನಯ ಅಂದುಕೊಂಡು ಚಪ್ಪಾಳೆ ತಟ್ಟಿದರು.

ಅವಳು ಎಂ.ಎ. ಮಾಡಲಿಲ್ಲ. ಧಾರವಾಡಕ್ಕೆ ಹೋಗುವುದು, ಮುಂದೆ ಓದುವುದು — ಅದೆಲ್ಲ ಊರಿಗೆ ಬಂದ ಮೇಲೆ ನಿಂತಿತು. ಅದು ನನ್ನಿಂದಲೇ ಆಯಿತು ಅಂದರೆ ಅದೂ ಒಂದು ಬಗೆಯ ಅಹಂಕಾರ. ಅವಳ ಅಪ್ಪ ಆ ವರ್ಷವೇ ಹಾಸಿಗೆ ಹಿಡಿದಿದ್ದರು. ಆದರೆ ನಾನು ಕಾರಣಗಳಲ್ಲಿ ಇಲ್ಲವೇ ಇಲ್ಲ ಅನ್ನಲು ನನ್ನ ಬಾಯಿ ಏಳುವುದಿಲ್ಲ.

ಯಾಕೆ ಮಾಡಿದೆ? ಬಹಳ ವರ್ಷ ನನಗೆ ನಾನೇ ಹೇಳಿಕೊಂಡ ಉತ್ತರ — ಆ ಮುದುಕರ ಮನಸ್ಸು ನೋಯಬಾರದು ಅಂತ. ಅದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

ನಮ್ಮ ಹಳಿಯಾಳದ ಮನೆಯಲ್ಲಿ, ನಾನು ಸಣ್ಣವಳಿದ್ದಾಗ, ಒಬ್ಬ ಸಿದ್ದಿ ಅಜ್ಜ ಇದ್ದ. ಅಂಗಡಿಯ ಮೂಟೆ ಹೊರುವುದು, ದನ ನೋಡುವುದು, ಕಟ್ಟಿಗೆ ಒಡೆಯುವುದು. ಅವನ ಅಪ್ಪನೂ ನಮ್ಮಲ್ಲೇ ಇದ್ದನಂತೆ. ಯಾವಾಗ ಬಂದ, ಯಾಕೆ ಬಂದ, ಯಾಕೆ ಬಿಟ್ಟು ಹೋಗಲಿಲ್ಲ — ಯಾರೂ ಹೇಳುತ್ತಿರಲಿಲ್ಲ. ಅವನ ತಾಟು ಹಿತ್ತಲ ಗೋಡೆಯ ಗೂಡಿನಲ್ಲಿರುತ್ತಿತ್ತು. ತಾನೇ ತೊಳೆದು ಅಲ್ಲೇ ಇಡಬೇಕು. ಅಮ್ಮ ಮೇಲಿನಿಂದ ರೊಟ್ಟಿ ಹಾಕುತ್ತಿದ್ದಳು, ತಾಟಿಗೆ ಕೈ ತಾಗದ ಹಾಗೆ. ರೊಟ್ಟಿ ತಾಟಿಗೆ ಬೀಳುವ ಆ ಸಪ್ಪಳ ನನಗೆ ಈಗಲೂ ಗೊತ್ತು. ಗಿರಿಜಾ ಕಾಲೇಜಿನ ದಿನಗಳಲ್ಲಿ ನಮ್ಮ ಮನೆಗೆ ಬರುತ್ತೇನೆಂದು ಎಷ್ಟೋ ಸಲ ಅಂದಿದ್ದಳು. ನಾನು ಏನೋ ನೆಪ ಹೇಳುತ್ತಿದ್ದೆ. ಅಜ್ಜ ತೀರಿಕೊಂಡು ಬಹಳ ಕಾಲವಾಗಿದ್ದರೂ ಗೂಡು ಇತ್ತು, ಗೂಡಿನಲ್ಲಿ ತಾಟೂ ಇತ್ತು.

ಮೊಮ್ಮಕ್ಕಳು ಎಲ್ಲಿದ್ದಾರೆ, ಒಬ್ಬರನ್ನಾದರೂ ಎದುರಿಗೆ ನಿಂತು ನೋಡಬೇಕು ಅಂದಳಲ್ಲ ಗಿರಿಜಾ — ಅವಳ ಕೈ ಹಿಡಿದು ನಿಂತಿದ್ದವಳು ನಾನು. ಆ ಪ್ರಶ್ನೆ ಪೂರ್ತಿಯಾಗಿ ಗಾಳಿಗೆ ಬಂದರೆ, ಮಾಸ್ತರು ಅದಕ್ಕೊಂದು ಪ್ರಾಮಾಣಿಕ ಉತ್ತರ ಕೊಟ್ಟರೆ, ಮುಂದಿನ ಪ್ರಶ್ನೆಗೆ ದುಭಾಷಿ ಬೇಕಾಗುತ್ತಿರಲಿಲ್ಲ. ಅದು ಕನ್ನಡದಲ್ಲೇ, ನನ್ನ ಮುಖಕ್ಕೇ ಬರುತ್ತಿತ್ತು. ಮಾಸ್ತರನ್ನು ಉಳಿಸುವ ಹೆಸರಿನಲ್ಲಿ ನನ್ನನ್ನೇ ಉಳಿಸಿಕೊಂಡೆ.

ನಮ್ಮ ಗೆಳೆತನ ಮುರಿಯಲಿಲ್ಲ. ಅದೇ ಹೆಚ್ಚು ಸುಡುವುದು. ಅವಳು ನನ್ನ ಮದುವೆಗೆ ಬಂದಳು. ಮಗಳು ಹುಟ್ಟಿದಾಗ ಕಾಡುಜೇನು ತಂದಳು. ಅಣ್ಣ ಅತ್ತಿಗೆ ತೀರಿಹೋದ ಮೇಲೆ ಅವರ ಮಗಳು ಸವಿತಾಳನ್ನು ತಾನೇ ಸಾಕಿದಳು. ಕೇರಿಯ ಹೆಂಗಸರ ಸಂಘ ಕಟ್ಟಿದಳು, ಅಂಗನವಾಡಿ ನಡೆಸಿದಳು, ಮಾತುಗಾರ್ತಿಯಾದಳು. ಮುಂಡಗೋಡ, ಹಳಿಯಾಳ, ಜೋಯಿಡಾ — ಎಲ್ಲಿ ಸಭೆಯಿದ್ದರೂ ಅವಳನ್ನು ಕರೆಯುತ್ತಾರೆ. ಅವಳು ಹೋದಲ್ಲೆಲ್ಲ ಈ ಕಥೆ ಹೇಳುತ್ತಾಳೆ. ಒಮ್ಮೆ ಹಳಿಯಾಳದ ಸಭೆಯಲ್ಲಿ ನಾನೇ ಕೂತು ಕೇಳಿದೆ. ಎದೆ ಸೆಟೆಸಿ ನಿಂತು, ಮೈಕು ಹಿಡಿದು, "ಅವರ ಊರಾಗ ನಿಂತು ಅವರನ್ನ ಕೇಳಿದೆ ನಾನು, ನಮ್ಮನ್ನ ಮಾರಿದವ್ರು ಎಲ್ಲಿ ಅಂತ. ಅಲ್ಲಿ ದೊಡ್ಡ ಮಾಸ್ತರ ಏನಂದ ಗೊತ್ತೈತೇನ್ರೇ, ಬೆಕ್ಕು ಉಳದಾವು ಅಂದ, ಎಲ್ಲಾರೂ ನಕ್ಕರು," ಅಂದಳು. ಆಮೇಲೆ ಅವಳು ನನ್ನ ಕಡೆ ಬೆರಳು ತೋರಿಸಿದಳು: "ಅವತ್ತು ನಗದ ಉಳದಾಕಿ ಇಕಿ ಒಬ್ಬಾಕಿನಾ!"

ಹೆಂಗಸರು ನನಗೆ ಚಪ್ಪಾಳೆ ತಟ್ಟಿದರು. ನಾನು ಕೈ ಮುಗಿದೆ.

ಈ ದಸರೆ ಮುಗಿದ ಮೇಲೆ ಗಿರಿಜಾಳ ಫೋನು ಬಂತು. ದೇಸಾಯಿ ಮೇಡಂ ಈ ಚಳಿಗಾಲದಲ್ಲಿ ಮತ್ತೆ ಅದೇ ಊರಿಗೆ ಹುಡುಗರನ್ನು ಕರೆದೊಯ್ಯುತ್ತಾರಂತೆ, ಸವಿತಾ ಆಯ್ಕೆಯಾಗಿದ್ದಾಳಂತೆ.

"ಏ, ಚೊಲೋ ಆತಲ್ಲ!" ಅಂದೆ.

"ಏನ್ ಚೊಲೋ? ನಾ ಕಳಸೂದಿಲ್ಲ ಅಂದೇನಿ. ನಾ ನಗಸಿಕೊಂಡಿದ್ದು ಸಾಕು, ಅಕಿನೂ ನಗಸಿಕೊಂಡು ಬರೂದು ಬ್ಯಾಡ. ಎರಡು ದಿನಾ ಆತು, ಕೂಳು ತಿಂದಿಲ್ಲ ಹುಡುಗಿ. ಸುಮಾ, ನೀನರೆ ಹೇಳು ಅಕಿಗೆ. ನೀ ಕಂಡಾಕಿ. ನಿನ್ನ ಮಾತು ಕೇಳ್ತಾಳ."

ಫೋನು ಇಟ್ಟು ಒಲೆಯ ಮುಂದೆ ನಿಂತೆ. ಹಾಲು ಉಕ್ಕಿ ಒಲೆ ಆರಿದ್ದು ತಿಳಿಯಲಿಲ್ಲ. ಶಿಫ್ಟು ಮುಗಿಸಿ ಬಂದ ಗಂಡ ಏನಾಯಿತು ಅಂದರು. ಹೇಳಿದೆ, ಮೊದಲ ಸಲ, ಮೊದಲಿನಿಂದ ಕೊನೆಯ ತನಕ. ಅವರು ಶೂ ಬಿಚ್ಚುತ್ತಿದ್ದವರು ಹಾಗೇ ಕೂತರು.

"ನಮ್ಮವ್ವ ನನಗ ಬೈದದ್ದನ್ನ ನೀ ಯಾವಾಗರೆ ಬೈದಂಗ ಹೇಳಿಯೇನು? ಸಕ್ರಿ ಹಾಕೇ ಹೇಳ್ತಿ. ನಾ ಮಹಾ ಒಳ್ಳೆ ಮಗ ಅಂತ ತಿಳಕೊಂಡು ಕುಂತೇನಿ," ಅಂದರು. ಆಮೇಲೆ ನಗು ನಿಲ್ಲಿಸಿ, "ಆದ್ರ ಇದು ಸಕ್ರಿ ಅಲ್ಲ. ಹೋಗು. ಫೋನಿನ್ಯಾಗ ಹೇಳಬ್ಯಾಡ, ಎದುರಿಗೆ ಹೋಗಿ ಹೇಳು."

ಮರುದಿನ ಬೆಳಿಗ್ಗೆಯೇ ಬಸ್ಸು ಹತ್ತಿದೆ. ಯಲ್ಲಾಪುರದಲ್ಲಿ ಇಳಿದು ಮುಂಡಗೋಡದ ಬಸ್ಸು, ಅಲ್ಲಿಂದ ಮಳಗಿಯದು. ಮುಂಡಗೋಡದಲ್ಲಿ ಹತ್ತಿದ ಇಬ್ಬರು ಟಿಬೆಟಿ ಸನ್ಯಾಸಿಗಳು ಮುಂದಿನ ಸೀಟಿನಲ್ಲಿ ಕಡಲೆ ತಿನ್ನುತ್ತ ಕನ್ನಡದಲ್ಲೇ ಕಂಡಕ್ಟರನ ಜೊತೆ ಚಿಲ್ಲರೆಗೆ ಜಗಳಾಡಿದರು. ನಾನು ಹೇಳಬೇಕಾದ ಮಾತನ್ನು ಮನಸ್ಸಿನಲ್ಲಿ ಜೋಡಿಸುತ್ತ ಹೋದೆ. ಪ್ರತಿ ಸಲ ಜೋಡಿಸಿದಾಗಲೂ ಅದು ಸ್ವಲ್ಪ ಮೆತ್ತಗಾಗುತ್ತಿತ್ತು. ಜೋಡಿಸುವುದನ್ನೇ ಬಿಟ್ಟೆ.

ಗಿರಿಜಾ ಅಂಗಳದಲ್ಲಿ ಗೋವಿನಜೋಳದ ತೆನೆ ಹರವಿಕೊಂಡು ಕಾಳು ಬಿಡಿಸುತ್ತಿದ್ದಳು. "ಬಾರಲೇ, ಹೇಳದ ಕೇಳದ ಬಂದಿ! ಸವಿತಾ ಕಾಲೇಜಿಗೆ ಹೋಗ್ಯಾಳ, ಬರ್ತಾಳ ಈಗ," ಅಂತ ಮಣೆ ಸರಿಸಿದಳು. ನಾನೂ ಒಂದು ತೆನೆ ಕೈಗೆತ್ತಿಕೊಂಡೆ, ಆಮೇಲೆ ಕೆಳಗಿಟ್ಟೆ. ಕೈಗೆ ಕೆಲಸ ಕೊಟ್ಟುಕೊಂಡು ಆಡುವ ಮಾತಲ್ಲ ಇದು.

"ಗಿರಿಜಾ, ಅವತ್ತು ಬಾವಿ ಬೀದ್ಯಾಗ ನೀ ಕೇಳಿದ್ದನ್ನ ನಾ ಮಾಸ್ತರಿಗೆ ಕೇಳಲೇ ಇಲ್ಲ. ಹಳೇ ಮನೆತನ ಅದಾವೇನು ಅಂತ ಕೇಳಿದೆ. ಅವರು ಬೆಕ್ಕು ಅಂದದ್ದು ಅದಕ್ಕ. ನಿನ್ನ ಮಾತು ಯಾರಿಗೂ ಗೊತ್ತಿಲ್ಲ. ನಿನಗ ಯಾರೂ ನಗಲಿಲ್ಲ."

ಅವಳ ಹೆಬ್ಬೆರಳು ತೆನೆಯ ಮೇಲೆ ಓಡುತ್ತಲೇ ಇತ್ತು. ಕಾಳು ಮೊರಕ್ಕೆ ಬೀಳುತ್ತಿದ್ದವು.

"ಇನ್ನೊಮ್ಮೆ ಹೇಳು."

ಹೇಳಿದೆ.

"ಅಂದ್ರ ಆ ಮಾಸ್ತರ ನನ್ನ ಮಾತು ಕೇಳೇ ಇಲ್ಲ."

"ಇಲ್ಲ."

"ಆ ಮುದುಕನ್ನ ನಾ ಎಷ್ಟು ಬೈದೇನಿ ಗೊತ್ತೈತೇನು ನಿನಗ? ಊರೂರಿಗೆ. ಮೈಕ್ ಹಿಡದು." ಬರಿದಾದ ತೆನೆಯನ್ನು ನೋಡಿದಳು, ಇನ್ನೂ ಕಾಳಿದೆಯೇನೋ ಎನ್ನುವ ಹಾಗೆ. "ಅಂವ ಹೌದು ಅಂತಿದ್ನೇನೋ. ನಾನಾ ಒಬ್ಬ ಮೊಮ್ಮಗ, ನೋಡವಾ ಅಂತಿದ್ನೇನೋ. ಬೈತಿದ್ನೇನೋ. ಏನರೆ ಒಂದು ಅಂತಿದ್ದ. ಯಾಕ ಸುಮಾ?"

ಸಿಸ್ಟರು, ಚಳಿ, ಮುದುಕರ ಕನ್ನಡಕ — ಎಲ್ಲ ನಾಲಿಗೆಯ ತುದಿಗೆ ಬಂದವು. ಒಂದನ್ನೂ ಹೊರಗೆ ಬಿಡಲಿಲ್ಲ. ಹಿತ್ತಲ ಗೂಡಿನ ತಾಟಿನ ಮಾತು ಹೇಳಿದೆ. "ಅದನ್ನ ನಮ್ಮ ಮನಿಗೂ ಕೇಳ್ತಿ ಅಂತ ಅಂಜಿದೆ," ಅಂದೆ.

ಆಗ ಅವಳು ತಲೆ ಎತ್ತಿದಳು.

"ನಿಮ್ಮ ಮನಿಗಿ ಕೇಳಾಕ ನನಗ ದುಭಾಷಿ ಬೇಕಾಗಿತ್ತೇನು? ಆ ತಾಟು ನನಗ ಗೊತ್ತಿಲ್ಲಂತ ತಿಳದಿಯೇನು? ಹಾಸ್ಟೆಲಿನ ಹುಡುಗ್ಯಾರು ಎಲ್ಲಾ ಹೇಳಿದ್ರು. ನೀನಾ ಒಂದಿನಾ ಕರಕೊಂಡು ಹೋಗಿ ತೋರಸ್ತಿ ಅಂತ ಕಾಯಕೋತ ಇದ್ದೆ ನಾನು."



ಸವಿತಾ ಬಂದಳು. ಎಣ್ಣೆ ಹಚ್ಚಿ ಬಿಗಿದ ಜಡೆ, ಹೆಗಲಿಗೆ ಚೀಲ, ಅತ್ತೆಯ ಮೇಲಿನ ಸಿಟ್ಟಿಗೆ ಊದಿದ ಮುಖ. ಗಿರಿಜಾ ಅವಳನ್ನು ಕರೆದು ನನ್ನ ಎದುರಿಗೆ ಕೂರಿಸಿದಳು. "ಇಕಿಗೂ ಹೇಳು. ಪೂರಾ ಹೇಳು," ಅಂದಳು. ಮೂರನೆಯ ಸಲ ಹೇಳಿದೆ. ಆ ಹುಡುಗಿ ನನ್ನನ್ನು ನೋಡಿದ ನೋಟ ಗಿರಿಜಾಳ ನೋಟಕ್ಕಿಂತ ಬಿರುಸಾಗಿತ್ತು. ಸಣ್ಣ ವಯಸ್ಸು, ಕರುಣೆಗೆ ಇನ್ನೂ ಕಾಲವಿದೆ. ಇರಲಿ, ಹಾಗೇ ನೋಡಲಿ.

"ಆ ಮಾಸ್ತರು ಇನ್ನೂ ಅದಾರೇನ್ರಿ ಅಕ್ಕಾರ?" ಅಂತ ಕೇಳಿದಳು.

"ಗೊತ್ತಿಲ್ಲ ತಂಗಿ. ಆಗಲೇ ವಯಸ್ಸಾಗಿತ್ತು."

"ಅಂವ ಇರದಿದ್ರ ಬ್ಯಾರೆದವ್ರು ಇರ್ತಾರ," ಅಂದಳು ಅತ್ತೆಯ ಕಡೆ ತಿರುಗಿ. "ಅತ್ತಿ, ನನಗ ಇಂಗ್ಲಿಷ್ ಬರ್ತೈತಿ. ನಾನಾ ಕೇಳ್ತೇನಿ. ಅವರು ನಕ್ರ ನಗ್ಲಿ, ಆದ್ರ ಕೇಳಿ ನಗ್ಲಿ."

ಕೋಳಿಯೊಂದು ಮೊರಕ್ಕೆ ಬಾಯಿ ಹಾಕಿತು, ಯಾರೂ ಓಡಿಸಲಿಲ್ಲ. ಆಮೇಲೆ, "ಹೋಗು," ಅಂದಳು ಗಿರಿಜಾ. ಎರಡೇ ಅಕ್ಷರ. ಹುಡುಗಿ ಎದ್ದು ಒಳಗೆ ಹೋದಳು; ಸ್ವಲ್ಪ ಹೊತ್ತಿಗೆ ಒಳಗಿನಿಂದ ತಾಟಿಗೆ ಅನ್ನ ಬಡಿಸಿಕೊಳ್ಳುವ ಸಪ್ಪಳ ಕೇಳಿಸಿತು.

ನಾನು ಹೊರಡಲು ಎದ್ದೆ. ಗಿರಿಜಾ ಏಳಲಿಲ್ಲ.

"ನನಗ ಹೇಳಿದಿ. ಇಷ್ಟಕ್ಕ ಮುಗೀತಂತ ತಿಳೀಬ್ಯಾಡ. ನಾ ಸುಳ್ಳು ಹೇಳಿದಂಗಾತು, ನಿನ್ನಿಂದ. ನಾಕು ಮಂದಿ ಮುಂದ ಆಡಿದ್ದನ್ನ ನಾಕು ಮಂದಿ ಮುಂದನ ತಿದ್ದಬೇಕು. ನಾ ತಿದ್ದೂದಿಲ್ಲ. ನೀ ತಿದ್ದು. ನಿನ್ನ ಹೆಸರು, ನನ್ನ ಹೆಸರು ಎರಡೂ ಹಾಕಿ ಬರಿ. ಆಮ್ಯಾಲ ಮುಂಡಗೋಡಕ್ಕ ಸಂಘದ ಸಭಾಕ್ಕ ಬಾ. ಮೈಕ್ ಕೊಡ್ತೇನಿ."

"ಬರ್ತೇನಿ," ಅಂದೆ.

ಯಾವಾಗ ಹೋದರೂ ನನ್ನ ಚೀಲಕ್ಕೆ ಏನಾದರೂ ತುಂಬಿ, ಬಸ್ಸಿನ ತನಕ ಬಂದು ಹತ್ತಿಸುವವಳು ಅವಳು. ಈ ಸಲ ಚೀಲದ ಕಡೆ ನೋಡಲಿಲ್ಲ, ಅಂಗಳ ದಾಟಲಿಲ್ಲ. ಅದು ಸರಿ. ಕ್ಷಮಿಸು ಅಂತ ನಾನೂ ಕೇಳಲಿಲ್ಲ. ಕೇಳಿದರೆ ಮತ್ತೆ ಎಲ್ಲವನ್ನೂ ತೊಳೆದು ಮಡಚಿ ಇಟ್ಟ ಹಾಗಾಗುತ್ತಿತ್ತು.

ಬರೆದದ್ದು ಇದು. ಅವತ್ತು ನಮ್ಮ ಜೊತೆ ನಕ್ಕ ಗೆಳೆಯರು ಈಗ ಎಲ್ಲೆಲ್ಲಿದ್ದಾರೋ, ಅವರಿಗೂ ಸೇರಿ. ಗಿರಿಜಾಳಿಂದ ಬೆಕ್ಕಿನ ಕಥೆ ಕೇಳಿ ಯಾರಾದರೂ ಆ ಊರನ್ನು ಶಪಿಸಿದ್ದರೆ, ಆ ಶಾಪದಲ್ಲಿ ಮಾಸ್ತರ ಪಾಲು ಇಲ್ಲ; ಅದು ನನ್ನದು, ನನಗೆ ಬರಲಿ. ಮುಂಡಗೋಡದ ಸಭೆ ಮುಂದಿನ ತಿಂಗಳು. ಹಳಿಯಾಳದಲ್ಲಿ ನನಗೆ ಚಪ್ಪಾಳೆ ತಟ್ಟಿದ ಹೆಂಗಸರೂ ಅಲ್ಲಿಗೆ ಬರುತ್ತಾರೆ, ಅವರ ನಡುವೆ ಗಿರಿಜಾ ಕೂತಿರುತ್ತಾಳೆ. ಸಭೆ ಮುಗಿದ ಮೇಲೆ ಅವಳು ನನ್ನ ಜೊತೆ ಮಾತಾಡುತ್ತಾಳೋ ಬಿಡುತ್ತಾಳೋ, ಅದು ಅವಳಿಗೆ ಬಿಟ್ಟದ್ದು. ಎದ್ದು ನಿಲ್ಲುವುದು ನನಗೆ ಬಿಟ್ಟದ್ದು, ಮತ್ತು ನಾನು ನಿಲ್ಲುತ್ತೇನೆ.